ಚಿತ್ರಕಾರ ಕಮೀಲ್ ಕೊರೊನ ಇಟಲಿ ಎಚಿಂಗ್: ಕಾಗದದಿಂದ ಭೂದೃಶ್ಯದವರೆಗೆ ನೋಡುವ ಕ್ರಮ

ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಎಚಿಂಗ್ (ಆಸಿಡ್ ತಿಂದ ತಾಮ್ರದ ತಗಡಿನಿಂದ ಒತ್ತಿ ತೆಗೆದ ಮುದ್ರಣಚಿತ್ರ) ಒಂದನ್ನು ಎದುರಿಗಿಟ್ಟುಕೊಂಡರೆ ಕಣ್ಣು ಮೊದಲು ಓಡುವುದು ಮರದ ಕಡೆಗೆ, ಬೆಟ್ಟದ ಕಡೆಗೆ. ದೃಶ್ಯ ಚೆನ್ನಾಗಿದೆ ಅನ್ನಿಸುತ್ತದೆ, ಎರಡು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿ ನೋಡಿ ಎಂದು ಹೇಳುವುದೇ ಈ ಲೇಖನದ ಉದ್ದೇಶ. ಮೊದಲು ಕಾಗದ, ಆಮೇಲೆ ಗೆರೆ, ಆಮೇಲೆ ಮಸಿ, ದೃಶ್ಯ ಎಲ್ಲಕ್ಕಿಂತ ಕೊನೆಗೆ. ಹೀಗೆ ನೋಡುತ್ತಾ ಬಂದವರಿಗೆ ಆ ಮರ ಹೇಗೆ ಹುಟ್ಟಿತು ಎನ್ನುವುದೂ ಕಾಣಿಸುತ್ತದೆ.

ಉದಾಹರಣೆಗೆ ಫ್ರೆಂಚ್ ಕಲಾವಿದ ಕಮೀಲ್ ಕೊರೊನನ್ನು (1796–1875) ತೆಗೆದುಕೊಳ್ಳೋಣ. ತೈಲವರ್ಣ ಚಿತ್ರಕಾರನಾಗಿ ಆತನ ಹೆಸರು ದೊಡ್ಡದು. ಎಚಿಂಗ್ ಮಾಡಿದ್ದು ಕಡಿಮೆ, ಎಲ್ಲ ಸೇರಿ ಹದಿನೈದರ ಆಸುಪಾಸು. ಅವುಗಳಲ್ಲಿ ಇಟಲಿಗೆ ಸೇರಿದವು ಮುಖ್ಯವಾಗಿ ನಾಲ್ಕು: ‘ಸುವ್ನೀರ್ ದ ತೋಸ್ಕಾನ್’ (ಟಸ್ಕನಿಯ ನೆನಪು), ‘ಸುವ್ನೀರ್ ದಿತಾಲಿ’ (ಇಟಲಿಯ ನೆನಪು), ‘ಆಂವಿರೋಂ ದ ರೋಮ್’ (ರೋಮಿನ ಸುತ್ತಮುತ್ತ), ‘ಪೆಯಿಝಾಜ್ ದಿತಾಲಿ’ (ಇಟಲಿಯ ಭೂದೃಶ್ಯ). ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ 1860ರ ದಶಕದವು. ಸಂಖ್ಯೆ ಕಡಿಮೆಯಾದ್ದರಿಂದ ಹೊಸಬರಿಗೆ ಅನುಕೂಲ. ಒಬ್ಬ ಕಲಾವಿದನ ಒಂದು ಇಡೀ ವಿಭಾಗವನ್ನು ಕೆಲವೇ ವಾರಗಳಲ್ಲಿ ಚೆನ್ನಾಗಿ ತಿಳಿದುಕೊಳ್ಳಬಹುದು.

1. ಮೊದಲು ಚಿತ್ರ ಕೈಗೆ ಸಿಗಬೇಕು

ಅಸಲಿ ಹಾಳೆಯೇ ಬೇಕೆಂದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್, ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಈ ಮೂರೂ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ದೊಡ್ಡ ಫೈಲುಗಳನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುತ್ತವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಹಳೆಯ ಕಲಾಪತ್ರಿಕೆಗಳ ಸಂಪುಟಗಳೇ ಸಿಗುತ್ತವೆ. ಕೊರೊನ ಹೆಸರಿನ ಜೊತೆಗೆ ಎಚಿಂಗ್ ಎಂದು ಸೇರಿಸಿ ಹುಡುಕಿ. ಫೋನಿನ ಪುಟ್ಟ ಪರದೆ ಸಾಲದು, ಲ್ಯಾಪ್‌ಟಾಪ್ ಬೇಕು, ಫೈಲು ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು.

ಮ್ಯೂಸಿಯಂ ಕೊಡುವ ವಿವರದಲ್ಲಿ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ತಗಡಿನ ಅಳತೆ, ಎಷ್ಟನೇ ಹಂತದ ಮುದ್ರಣ (ತಗಡನ್ನು ತಿದ್ದಿದಾಗಲೆಲ್ಲ ಒಂದು ಹೊಸ ಹಂತ), ಮತ್ತು ದೆಲ್ತೇಯ್ ಸಂಖ್ಯೆ. ಲೋಯಿಸ್ ದೆಲ್ತೇಯ್ ಎಂಬ ವಿದ್ವಾಂಸ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಮುದ್ರಣಚಿತ್ರಕಾರರ ಕೃತಿಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಸಂಖ್ಯೆ ಕೊಟ್ಟ. ಒಂದೇ ಚಿತ್ರಕ್ಕೆ ನಾಲ್ಕು ಕಡೆ ನಾಲ್ಕು ಶೀರ್ಷಿಕೆ ಇದ್ದರೂ ಈ ಸಂಖ್ಯೆ ಬದಲಾಗದು.

ಲಂಡನ್, ನ್ಯೂಯಾರ್ಕ್‌ನಂಥ ಊರುಗಳಲ್ಲಿರುವ ಕನ್ನಡಿಗರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಬ್ರಿಟಿಷ್ ಮ್ಯೂಸಿಯಂ ಮುಂತಾದ ದೊಡ್ಡ ಸಂಗ್ರಹಾಲಯಗಳ ಮುದ್ರಣಚಿತ್ರ ವಿಭಾಗಕ್ಕೆ ಮುಂಚಿತವಾಗಿ ಬರೆದು ಸಮಯ ಪಡೆದರೆ, ಕೇಳಿದ ಹಾಳೆಯನ್ನು ಮೇಜಿನ ಮೇಲೆ ತಂದಿಡುತ್ತಾರೆ. ಇದಕ್ಕೆ ಪ್ರೊಫೆಸರ್ ಆಗಿರಬೇಕಿಲ್ಲ. ಈ ಅವಕಾಶವನ್ನು ನಮ್ಮವರು ಬಳಸಿಕೊಳ್ಳಬೇಕು ಎಂದು ಮನಸಾರೆ ಹೇಳುತ್ತೇನೆ. ಗೋಡೆಗೆ ತೂಗುಹಾಕಿದ ಚಿತ್ರವನ್ನು ಗಾಜಿನಾಚೆಯಿಂದ ನೋಡುವುದಕ್ಕೂ ಹಾಳೆಯನ್ನು ಒಂದು ಅಡಿ ದೂರದಲ್ಲಿ ನೋಡುವುದಕ್ಕೂ ಹೋಲಿಕೆಯೇ ಇಲ್ಲ.

2. ಕಾಗದ ಮತ್ತು ತಗಡಿನ ಗುರುತು

ಅಸಲಿ ಹಾಳೆ ಕೈಯಲ್ಲಿದ್ದರೆ ಕೈ ತೊಳೆದು ಪೂರ್ತಿ ಒರಸಿಕೊಳ್ಳಿ, ಎರಡೂ ಕೈಯಲ್ಲಿ ಎದುರುಬದುರು ಅಂಚು ಹಿಡಿಯಿರಿ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಮೇಜಿನ ಮೇಲಿಡಿ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿಬಿಡಿ.

ಚಿತ್ರದ ಸುತ್ತ ಒಂದು ಆಯತಾಕಾರದ ತಗ್ಗು ಕಾಣಬೇಕು. ಒದ್ದೆ ಕಾಗದವನ್ನು ಮಸಿ ತುಂಬಿದ ತಾಮ್ರದ ತಗಡಿನ ಮೇಲಿಟ್ಟು ಉರುಳೆಯ ಪ್ರೆಸ್ಸಿನಲ್ಲಿ ಒತ್ತಿದಾಗ ತಗಡಿನ ಅಂಚು ಬಿಡುವ ಗುರುತು ಅದು. ಅದನ್ನು ಮಿಲಿಮೀಟರ್‌ನಲ್ಲಿ ಅಳೆಯಿರಿ, ಮೊದಲು ಎತ್ತರ, ಆಮೇಲೆ ಅಗಲ. ‘ಸುವ್ನೀರ್ ದಿತಾಲಿ’, ‘ಆಂವಿರೋಂ ದ ರೋಮ್’ ಎರಡೂ ಹೆಚ್ಚುಕಡಿಮೆ ನಮ್ಮ ಎ4 ಹಾಳೆಯಷ್ಟಿರುವ ನಿಂತ ಚಿತ್ರಗಳು. ‘ಸುವ್ನೀರ್ ದ ತೋಸ್ಕಾನ್’ ಇನ್ನೂ ಚಿಕ್ಕದು. ನಿಮ್ಮ ಅಳತೆ ಮ್ಯೂಸಿಯಂ ಅಳತೆಗಿಂತ ಎರಡು ಮೂರು ಮಿಲಿಮೀಟರ್ ಆಚೀಚೆ ಇದ್ದರೆ ಚಿಂತೆಯಿಲ್ಲ, ಒದ್ದೆಯಾದ ಕಾಗದ ಒಣಗುವಾಗ ಕುಗ್ಗುತ್ತದೆ. ಸೆಂಟಿಮೀಟರ್ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅನುಮಾನ ಪಡಬೇಕು.

ಆಮೇಲೆ ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ. ಸಮಾನಾಂತರವಾಗಿ ಸಣ್ಣ ಸಣ್ಣ ಗೆರೆಗಳು ಕಂಡರೆ ಅದು ಲೇಯ್ಡ್ ಕಾಗದ. ತಂತಿಯ ಜರಡಿಯ ಮೇಲೆ ನಾರಿನ ತಿಳಿಯನ್ನು ಎತ್ತಿದಾಗ ಉಳಿದ ಗುರುತು ಅದು. ಕಾಗದ ಮಾಡಿದವರ ಜಲಚಿಹ್ನೆಯೂ ಅದರಲ್ಲಿರಬಹುದು.

ಕೆಳಗಿನ ಅಂಚಿನ ಸಣ್ಣ ಅಕ್ಷರಗಳನ್ನು ಬಿಡಬೇಡಿ. ಪ್ಯಾರಿಸ್ಸಿನಲ್ಲಿ 1862ರಲ್ಲಿ ಆಲ್ಫ್ರೆದ್ ಕದಾರ್ ಎಂಬ ಪ್ರಕಾಶಕ ಎಚಿಂಗ್ ಕಲಾವಿದರ ಸಂಘವೊಂದನ್ನು ಕಟ್ಟಿದ. ಎಚಿಂಗ್ ಮತ್ತೆ ತಲೆಯೆತ್ತಿದ್ದರಲ್ಲಿ ಅವನ ಪಾಲು ದೊಡ್ಡದು. ಅವನ ಪ್ರಕಟಣೆಗಳ ತಳದಲ್ಲಿ ‘ಕದಾರ್ ಮತ್ತು ಲುಕೆ, 79 ರ‍್ಯೂ ರಿಶಲಿಯೊ’ ಎಂಬ ವಿಳಾಸ, ಇನ್ನೊಂದು ಮೂಲೆಯಲ್ಲಿ ‘ದೆಲಾತ್ರ್, ರ‍್ಯೂ ಸೇಂ ಜಾಕ್ 303’ ಎಂದು ಮುದ್ರಕನ ವಿಳಾಸ ಸಾಮಾನ್ಯವಾಗಿ ಇರುತ್ತದೆ. ಅಕ್ಷರ ಕೆತ್ತುವ ಮೊದಲು ತೆಗೆದ ಪ್ರತಿಗಳು ಅಪರೂಪ, ಬೆಲೆಯೂ ಜಾಸ್ತಿ. ಕಲಾಪತ್ರಿಕೆಯ ಜೊತೆ ಬಂದ ಪ್ರತಿಗಳಲ್ಲಿ ಪತ್ರಿಕೆಯ ಹೆಸರೇ ಇರುತ್ತದೆ.

3. ಗೆರೆ: ಇಲ್ಲಿ ಹೆಚ್ಚು ಹೊತ್ತು ನಿಲ್ಲಿ

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತೆಗೆದುಕೊಳ್ಳಿ. ಒಡವೆ ಅಂಗಡಿಯವರು ಬಳಸುವಂಥದ್ದು ಸಾಕು. ಫೈಲು ನೋಡುತ್ತಿದ್ದರೆ ಜೂಮ್ ಮಾಡಿ.

ಎಚಿಂಗ್ ಮಾಡುವ ಬಗೆ ಹೀಗೆ. ತಾಮ್ರದ ತಗಡನ್ನು ಕಾಯಿಸಿ ಮೇಣ, ಡಾಂಬರು, ರಾಳ ಬೆರೆತ ತೆಳುವಾದ ಲೇಪ ಹಚ್ಚುತ್ತಾರೆ, ಹೊಗೆ ಹಿಡಿಸಿ ಕಪ್ಪು ಮಾಡುತ್ತಾರೆ. ಕಲಾವಿದ ಸೂಜಿಯಿಂದ ಆ ಲೇಪವನ್ನಷ್ಟೇ ಗೀಚುತ್ತಾನೆ, ತಾಮ್ರವನ್ನು ಕೊರೆಯುವುದಿಲ್ಲ. ಗೀಚಿದಲ್ಲಿ ತಾಮ್ರ ಹೊಳೆಯುತ್ತದೆ. ತಗಡನ್ನು ನೈಟ್ರಿಕ್ ಆಸಿಡ್‌ನಲ್ಲಿ ಮುಳುಗಿಸಿದಾಗ ಹೊಳೆಯುವ ಕಡೆ ಮಾತ್ರ ಆಸಿಡ್ ತಿನ್ನುತ್ತದೆ. ಗೆರೆಯ ಮೇಲೆ ಗುಳ್ಳೆಗಳೇಳುತ್ತವೆ, ಹಕ್ಕಿಯ ಪುಕ್ಕದಿಂದ ಅವನ್ನು ಸವರುತ್ತಿರಬೇಕು, ಇಲ್ಲವಾದರೆ ಗೆರೆ ಹರುಕುಮುರುಕಾಗುತ್ತದೆ. ದೂರದ ಬೆಟ್ಟದ ಗೆರೆ ತೆಳ್ಳಗಿರಬೇಕಾದ್ದರಿಂದ ಬೇಗ ಹೊರತೆಗೆದು ಅದರ ಮೇಲೆ ವಾರ್ನಿಷ್ ಬಳಿಯುತ್ತಾರೆ. ಹತ್ತಿರದ ಮರದ ಗೆರೆಗೆ ಇನ್ನೊಮ್ಮೆ, ಮತ್ತೊಮ್ಮೆ ಮುಳುಗು. ಎಚಿಂಗ್‌ನಲ್ಲಿ ದೂರ, ಹತ್ತಿರ ಎನ್ನುವುದು ಬಹುಮಟ್ಟಿಗೆ ಆಸಿಡ್‌ನಲ್ಲಿ ಕಳೆದ ನಿಮಿಷಗಳ ಲೆಕ್ಕ.

ಈಗ ಗಾಜಿನಡಿ ಒಂದೇ ಒಂದು ಗೆರೆಯನ್ನು ಹಿಡಿದು ಅದರ ತುದಿಯವರೆಗೆ ಹೋಗಿ. ತುದಿ ಮೊಂಡಾಗಿದ್ದರೆ, ಅಂಚು ತುಸು ಒರಟಾಗಿದ್ದರೆ ಆಸಿಡ್ ತಿಂದ ಗೆರೆ. ತುದಿ ಚೂಪಾಗಿ ಸಣ್ಣಗಾಗುತ್ತಾ ಹೋದರೆ ಅದು ಉಳಿಯಿಂದ ಕೆತ್ತಿದ ಎನ್‌ಗ್ರೇವಿಂಗ್ ಗೆರೆ. ಗೆರೆಯ ಪಕ್ಕದಲ್ಲಿ ಮಖಮಲ್ಲಿನಂಥ ಮಬ್ಬು ಇದ್ದರೆ ಸೂಜಿಯಿಂದ ನೇರವಾಗಿ ತಾಮ್ರವನ್ನೇ ಸೀಳಿದ ಡ್ರೈಪಾಯಿಂಟ್. ಪಕ್ಕದ ಬೆಳಕಿನಲ್ಲಿ ದಪ್ಪ ಗೆರೆಗಳ ಮಸಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದು ನಿಂತಿರುವುದೂ ಕಾಣುತ್ತದೆ. ಬೆರಳಿನಿಂದ ಮುಟ್ಟಿ ನೋಡುವ ಆಸೆಯಾಗುತ್ತದೆ, ಮುಟ್ಟಬೇಡಿ.

ಕೊರೊನ ಗೆರೆ ಶಿಸ್ತಿನದಲ್ಲ. ಎಲೆಗೊಂಚಲನ್ನು ಹತ್ತಿರದಿಂದ ನೋಡಿದರೆ ಒಂದು ಎಲೆಯೂ ಸಿಗುವುದಿಲ್ಲ, ನೂಲಿನ ಉಂಡೆ ಬಿಚ್ಚಿಬಿದ್ದ ಹಾಗೆ ಸುರುಳಿ ಸುರುಳಿ ಗೀಚು, ಅಷ್ಟೆ. ಒಂದು ಸುರುಳಿ ಕೊಂಬೆಯ ಹೊರಗೆ ಹಾರಿಹೋಗಿರುತ್ತದೆ, ಇನ್ನೊಂದು ಕಾಂಡದ ಮೇಲೇ ಹರಿದಿರುತ್ತದೆ. ಅದೇ ಜಾಗವನ್ನು ಕೈಯಳತೆ ದೂರದಿಂದ ನೋಡಿ: ಗಾಳಿಗೆ ಅಲುಗುವ ಮರ, ಅದರ ನಡುವೆ ಆಕಾಶ. ಸುರುಳಿಗಳ ನಡುವೆ ಬಿಟ್ಟ ಖಾಲಿ ಕಾಗದವೇ ಬೆಳಕು. ಆ ಖಾಲಿಗಳನ್ನು ಆತ ಎಲ್ಲೆಲ್ಲಿ ಉಳಿಸಿದ್ದಾನೆ ಎಂದು ಹುಡುಕುವುದು ಈ ಎಚಿಂಗ್‌ಗಳನ್ನು ನೋಡುವ ಅತ್ಯಂತ ಸುಖದ ಭಾಗ ಎಂದು ನನ್ನ ಅನಿಸಿಕೆ.

ಆಸಿಡ್ ಕೆಲಸ ಕೊರೊನಿಗೆ ಒಲಿದದ್ದಲ್ಲ. ‘ಸುವ್ನೀರ್ ದ ತೋಸ್ಕಾನ್’ ತಗಡನ್ನು ಆತ 1845ರ ಸುಮಾರಿಗೆ ಗೀಚಿ ಹಾಗೇ ಬಿಟ್ಟಿದ್ದ. ವರ್ಷಗಳು ಕಳೆದ ಮೇಲೆ ಫೆಲಿಕ್ಸ್ ಬ್ರಾಕ್‌ಮೋಂ ಎಂಬ ಪಳಗಿದ ಎಚಿಂಗ್ ಕಲಾವಿದ ಅದನ್ನು ಆಸಿಡ್‌ಗೆ ಹಾಕುವ ಹೊಣೆ ಹೊತ್ತ. ‘ಗಝೆತ್ ದೆ ಬೋಝಾರ್’ ಪತ್ರಿಕೆ ಅದನ್ನು ಪ್ರಕಟಿಸಿದ್ದು 1875ರಲ್ಲಿ, ಕೊರೊ ತೀರಿಕೊಂಡ ವರ್ಷ. ಹೀಗಾಗಿ ಆ ಹಾಳೆಯಲ್ಲಿ ಎರಡು ಕೈಗಳಿವೆ. ಬೀಸು ಕೊರೊನದು, ಗೆರೆಯ ಆಳ ಬ್ರಾಕ್‌ಮೋಂನದು.

4. ಎಚಿಂಗ್ ಅಲ್ಲದ್ದನ್ನು ಗುರುತಿಸುವುದು

ಕೊರೊನ ವಿಷಯದಲ್ಲಿ ಮೋಸಹೋಗುವುದು ಸುಲಭ, ಅದಕ್ಕೆ ವಿಶೇಷ ಕಾರಣವಿದೆ. 1853ರಿಂದ ಅರಾಸ್ ಊರಿನ ಗೆಳೆಯರ ಒಡನಾಟದಲ್ಲಿ ಆತ ಕ್ಲಿಶೆ-ವೆರ್ ಎಂಬ ವಿಧಾನ ಕಲಿತ. ಗಾಜಿನ ಹಲಗೆಗೆ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಕೆಳಗೆ ಫೋಟೊ ಕಾಗದವಿಟ್ಟು ಬಿಸಿಲಿಗೆ ಒಡ್ಡುವುದು. ಗೀಚಿದಲ್ಲಿ ಬೆಳಕು ಹಾದು ಕಾಗದ ಕಪ್ಪಾಗುತ್ತದೆ. ಆಸಿಡ್ ಬೇಡ, ಪ್ರೆಸ್ ಬೇಡ, ಮಸಿಯೂ ಬೇಡ. ಈ ವಿಧಾನದಲ್ಲಿ ಆತ 60ಕ್ಕೂ ಹೆಚ್ಚು ಚಿತ್ರ ಮಾಡಿದ, ಅಂದರೆ ಎಚಿಂಗ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಅವುಗಳಲ್ಲಿ 1855ರ ‘ಸುವ್ನೀರ್ ದೋಸ್ತಿ’ (ಓಸ್ತಿಯಾ ಊರಿನ ನೆನಪು) ಎಂಬಂಥ ಇಟಲಿಯ ಚಿತ್ರಗಳೂ ಇವೆ. ಅದೇ ಕೈ, ಅದೇ ಗೀಚು, ಅದೇ ಮರಗಳು. ಪರದೆಯ ಮೇಲೆ ನೋಡಿದರೆ ಎಚಿಂಗ್ ಅಂತಲೇ ಅನ್ನಿಸುತ್ತದೆ.

ಹಾಳೆ ಎದುರಿಗಿದ್ದರೆ ಮಾತ್ರ ಗೊಂದಲವಿಲ್ಲ. ಕ್ಲಿಶೆ-ವೆರ್‌ನಲ್ಲಿ ತಗಡಿನ ತಗ್ಗು ಇರುವುದಿಲ್ಲ, ಗೆರೆ ಮೇಲೆದ್ದಿರುವುದಿಲ್ಲ, ಬಣ್ಣ ಹಳೆಯ ಫೋಟೊದ ಕಂದು ಅಥವಾ ನೇರಳೆಗಂದು. ಇದೇನೂ ಕೀಳಲ್ಲ, ಸ್ವತಃ ಕೊರೊನೇ ಗೀಚಿದ್ದು. ಆದರೆ ಎಚಿಂಗ್ ಎಂದು ಹೇಳಿ ಮಾರಿದರೆ ಅದು ತಪ್ಪು. 1921ರಲ್ಲಿ ಹಳೆಯ ಗಾಜುಗಳಿಂದ 40 ಚಿತ್ರಗಳ ಮರುಮುದ್ರಣವೂ ಪ್ಯಾರಿಸ್ಸಿನಲ್ಲಿ ಬಂತು. ಆದ್ದರಿಂದ ಕ್ಲಿಶೆ-ವೆರ್ ಎಂದು ಗೊತ್ತಾದ ಮೇಲೂ ಯಾವ ಕಾಲದ ಮುದ್ರಣ ಎಂದು ಕೇಳಬೇಕು.

ಉಳಿದ ಪರೀಕ್ಷೆಗಳು ಸರಳ. ಗಾಜಿನಡಿ ಸಾಲುಸಾಲಾಗಿ ಚುಕ್ಕೆ ಕಂಡರೆ ಅದು ಪುಸ್ತಕದಿಂದ ಕತ್ತರಿಸಿದ ಹಾಳೆ. ಹೀಲಿಯೊಗ್ರವ್ಯೂರ್ ಮಾತ್ರ ಜಾಣ ನಕಲು. ಫೋಟೊ ಮೂಲಕ ತಗಡಿಗೆ ಇಳಿಸಿ ನಿಜವಾದ ಪ್ರೆಸ್ಸಿನಲ್ಲೇ ಒತ್ತುವುದರಿಂದ ಅದರಲ್ಲೂ ತಗಡಿನ ಗುರುತು ಇರುತ್ತದೆ. ಅಲ್ಲಿ ನೋಡಬೇಕಾದ್ದು ಗೆರೆಗಳ ಆಳದ ವೈವಿಧ್ಯ. ನಕಲಿನಲ್ಲಿ ದಪ್ಪ ಗೆರೆಯೂ ಸಪಾಟಾಗಿರುತ್ತದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಮುದ್ರಣಕಾರ ಅಮಾಂ-ದ್ಯುರಾಂ ಹೀಗೆ ರೆಂಬ್ರಾಂಟ್, ಡ್ಯೂರರ್ ಕೃತಿಗಳ ಅದ್ಭುತ ನಕಲು ತೆಗೆದ. ಆತ ಪ್ರಾಮಾಣಿಕ, ಹಾಳೆಯ ಹಿಂದೆ ಕೆಂಪು ಮುದ್ರೆ ಒತ್ತುತ್ತಿದ್ದ. ಯಾವ ಹಾಳೆಯಾದರೂ ತಿರುಗಿಸಿ ಹಿಂಬದಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

5. ಮಸಿಯ ಛಾಯೆ

ಗೆರೆಯಿಲ್ಲದ ಜಾಗದಲ್ಲೂ ತೆಳುವಾದ ಮಬ್ಬು ಕಂಡರೆ ಅದು ಮುದ್ರಕನ ಕೈಚಳಕ. ತಗಡಿನ ಮೇಲೆಲ್ಲ ಮಸಿ ಬಳಿದು ಒರಟು ಬಟ್ಟೆಯಿಂದ, ಕೊನೆಗೆ ಅಂಗೈಯಿಂದ ಒರಸುತ್ತಾರೆ. ಪೂರ್ತಿ ಒರಸಿದರೆ ಹಿನ್ನೆಲೆ ಬೆಳ್ಳಗೆ, ತುಸು ಬಿಟ್ಟರೆ ಸಂಜೆಯ ಮಂಕು. ಒಗುಸ್ತ್ ದೆಲಾತ್ರ್ ಇದರಲ್ಲಿ ಹೆಸರಾದವನು. ಒರಸಿದ ಮೇಲೆ ಮೆದು ಬಟ್ಟೆಯನ್ನು ಗೆರೆಗಳ ಮೇಲೆ ಹಗುರವಾಗಿ ಆಡಿಸಿ ಮಸಿಯನ್ನು ಸ್ವಲ್ಪ ಹೊರಗೆಳೆಯುತ್ತಿದ್ದ, ಗೆರೆ ಮೆತ್ತಗಾಗುತ್ತಿತ್ತು. ಆದ್ದರಿಂದ ಒಂದೇ ತಗಡಿನ ಎರಡು ಪ್ರತಿಗಳನ್ನು ಎರಡು ಮ್ಯೂಸಿಯಂಗಳಿಂದ ಇಳಿಸಿಕೊಂಡು ಅಕ್ಕಪಕ್ಕ ಇಟ್ಟು ನೋಡಿ. ಆಕಾಶ ಒಂದೇ ಥರ ಇರಲಾರದು.

6. ಈಗ ದೃಶ್ಯ

ಕೊರೊ ಇಟಲಿಗೆ ಹೋದದ್ದು ಮೂರು ಸಲ: 1825ರಿಂದ 1828ರವರೆಗೆ, ಆಮೇಲೆ 1834ರಲ್ಲಿ, ಕೊನೆಗೆ 1843ರಲ್ಲಿ. ಇಟಲಿ ಎಚಿಂಗ್‌ಗಳಲ್ಲಿ ಹೆಚ್ಚಿನವನ್ನು ಗೀಚುವ ಹೊತ್ತಿಗೆ ಕೊನೆಯ ಪ್ರಯಾಣ ಮುಗಿದು ಇಪ್ಪತ್ತು ವರ್ಷವಾಗಿತ್ತು, ಆತನಿಗೆ ಎಪ್ಪತ್ತು ಹತ್ತಿರ. ಆದ್ದರಿಂದ ಈ ಬೆಟ್ಟ ಯಾವುದು, ಈ ಕೋಟೆ ಯಾವುದು ಎಂದು ನಕ್ಷೆ ಹಿಡಿದು ಹುಡುಕಬೇಡಿ. ಹುಡುಕಲು ಹೊರಟವರು ಇನ್ನೊಂದು ತೊಡಕನ್ನೂ ನೆನಪಿಡಬೇಕು: ಮುದ್ರಣದಲ್ಲಿ ಎಡ ಬಲ ಅದಲುಬದಲಾಗುತ್ತದೆ. ಫೈಲನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಒಮ್ಮೆ ನೋಡಿ. ತಾಮ್ರದ ಮೇಲೆ ಕೊರೊನ ಕಣ್ಣಿಗೆ ಕಂಡದ್ದು ಅದು. ಬಲಗೈಯವನ ಓರೆಗೆರೆಗಳು ಸಹಜವಾದ ದಿಕ್ಕಿಗೆ ಬಂದು ನಿಲ್ಲುವುದನ್ನು ಅಲ್ಲಿ ಕಾಣಬಹುದು.

ಹೋಲಿಸಿ ನೋಡಲು ಒಂದು ತೈಲಚಿತ್ರ ಜೊತೆಗಿಟ್ಟುಕೊಳ್ಳಿ: 1826ರಲ್ಲಿ ನಾರ್ನಿ ಊರಿನ ಅಗಸ್ಟಸ್ ಸೇತುವೆಯ ಎದುರು ಕೂತು ಬರೆದ ಚಿಕ್ಕ ಅಧ್ಯಯನ. ಈಗ ಲೂವ್ರ್‌ನಲ್ಲಿದೆ. ನೇರಾ ನದಿ, ಮುರಿದ ರೋಮನ್ ಕಮಾನು, ಬಿಸಿಲಿನಲ್ಲಿ ಬಿಳಿಚಿದ ಮಣ್ಣು. ಅಲ್ಲಿ ಎಲ್ಲವೂ ಖಚಿತ, ನೆರಳಿನ ಅಂಚು ಕೂಡ. ಅದೇ ಸೇತುವೆಯನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಬರೆದು ಪ್ಯಾರಿಸ್ಸಿನ 1827ರ ಸಲೋನ್ ಕಲಾಪ್ರದರ್ಶನಕ್ಕೆ ಕಳಿಸಿದಾಗ ಮರ, ದಾರಿ, ಕುರಿ ಕಾಯುವವರನ್ನು ಸೇರಿಸಿ ಶಾಸ್ತ್ರೀಯವಾಗಿ ಜೋಡಿಸಿದ. ಅದು ಕೆನಡಾದ ಆಟವಾದಲ್ಲಿದೆ. ಎಚಿಂಗ್‌ಗೆ ಬರುವಷ್ಟರಲ್ಲಿ ಬಿಸಿಲಿನ ಖಚಿತತೆಯೂ ಇಲ್ಲ, ಜೋಡಣೆಯ ಬಿಗಿಯೂ ಇಲ್ಲ. ಮುಂದೆ ಕಪ್ಪು ಮರಗಳು, ಹಿಂದೆ ಬೆಳಕು, ನಡುವೆ ಎಲ್ಲೋ ಒಬ್ಬ ಪುಟ್ಟ ಮನುಷ್ಯ.

ಈ ವಿನ್ಯಾಸ ಕೊರೊ ಹುಟ್ಟುಹಾಕಿದ್ದಲ್ಲ. ಇನ್ನೂರು ವರ್ಷ ಮೊದಲು ರೋಮಿನಲ್ಲೇ ಬಾಳಿದ ಫ್ರೆಂಚ್ ಕಲಾವಿದ ಕ್ಲೋದ್ ಲೊರೇನ್ ಚಿತ್ರದ ಪಕ್ಕಕ್ಕೆ ದೊಡ್ಡ ಮರ ನಿಲ್ಲಿಸಿ, ಕಣ್ಣನ್ನು ಹಂತ ಹಂತವಾಗಿ ದಿಗಂತದ ಬೆಳಕಿಗೆ ಕರೆದೊಯ್ಯುವುದನ್ನು ಕಲಿಸಿದ. ಅವನೂ ಎಚಿಂಗ್ ಮಾಡಿದವನೇ. 1817ರಲ್ಲಿ ಪ್ಯಾರಿಸ್ಸಿನಲ್ಲಿ ಐತಿಹಾಸಿಕ ಭೂದೃಶ್ಯಕ್ಕೆಂದೇ ರೋಮ್ ಬಹುಮಾನ ಶುರುವಾಯಿತು, ಗೆದ್ದವರನ್ನು ರೋಮಿಗೆ ಕಳಿಸುತ್ತಿದ್ದರು. ಮೊದಲ ಸಲ ಗೆದ್ದ ಮಿಶಲೋಂ, ಕೊರೊನ ಮೊದಲ ಗುರು. ಕೊರೊ ಆ ಬಹುಮಾನದ ದಾರಿಯಲ್ಲಿ ಹೋಗಲಿಲ್ಲ, ಮನೆಯವರ ಹಣದಿಂದ ಹೋದ. ಆದರೂ ಪಾಠ ಅದೇ. ‘ಆಂವಿರೋಂ ದ ರೋಮ್’ ಪಕ್ಕದಲ್ಲಿ ಕ್ಲೋದ್‌ನ ಯಾವುದಾದರೂ ಎಚಿಂಗ್ ಇಟ್ಟು ಮರಗಳ ಜಾಗ, ದಿಗಂತದ ಎತ್ತರ, ಮನುಷ್ಯರ ಗಾತ್ರ ಈ ಮೂರನ್ನು ಹೋಲಿಸಿ. ಚೌಕಟ್ಟು ಹಳೆಯದು, ಒಳಗಿನ ಗೀಚು ಮಾತ್ರ ಕೊರೊನ ಸ್ವಂತದ್ದು ಎಂದು ತಾನಾಗಿ ತಿಳಿಯುತ್ತದೆ.

7. ಒಂದು ಚೌಕವನ್ನು ನಕಲು ಮಾಡಿ

ಚಿತ್ರದ ಎಲೆಗೊಂಚಲಿನಲ್ಲಿ ಎರಡು ಇಂಚಿನ ಚೌಕ ಆರಿಸಿ. ಸಣ್ಣ ತುದಿಯ ಕಪ್ಪು ಪೆನ್ನಿನಿಂದ ಅದೇ ಅಳತೆಯಲ್ಲಿ ಬರೆಯಿರಿ, ಪೆನ್ಸಿಲ್ ಮತ್ತು ರಬ್ಬರ್ ಬೇಡ. ಕೈ ತಾನಾಗಿ ಎಲೆಗಳನ್ನು ಬಿಡಿಸಲು ಹೊರಡುತ್ತದೆ, ತಡೆಯಿರಿ. ಸುರುಳಿಯ ವೇಗ ಹಿಡಿಯಿರಿ, ಖಾಲಿ ಜಾಗ ಕಾಯಿರಿ. ಚಿತ್ರ ಬರೆಯಲು ಬರದವರಿಗೂ ಇದು ಉಪಯೋಗ, ಏಕೆಂದರೆ ಇಲ್ಲಿ ಬೇಕಾದ್ದು ಫಲಿತಾಂಶವಲ್ಲ. ಇನ್ನೂ ಮುಂದೆ ಹೋಗುವ ಆಸಕ್ತಿಯಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಗ್ರಾಫಿಕ್ಸ್ (ಮುದ್ರಣಚಿತ್ರ ಕಲೆ) ಕಲಿತವರ ಸ್ನೇಹ ಮಾಡಿ, ತಗಡಿಗೆ ಮಸಿ ತುಂಬಿ ಒರಸುವುದನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ.

8. ಕೊಳ್ಳುವುದಾದರೆ, ಇಟ್ಟುಕೊಳ್ಳುವುದಾದರೆ

ಪತ್ರಿಕೆಯ ಜೊತೆ ಬಂದ ಪ್ರತಿಗಳು ದೊಡ್ಡ ಸಂಖ್ಯೆಯಲ್ಲಿ ಅಚ್ಚಾದವು, ಇವತ್ತಿಗೂ ಮಾರಾಟಕ್ಕೆ ಬರುತ್ತಿರುತ್ತವೆ. ಮಾರುವವರಿಗೆ ಕೇಳಬೇಕಾದ್ದು: ತಗಡಿನ ಅಳತೆ, ದೆಲ್ತೇಯ್ ಸಂಖ್ಯೆ ಮತ್ತು ಹಂತ, ಅಂಚು ಕತ್ತರಿಸಿದ್ದಾರೆಯೇ, ಹಿಂಬದಿಯ ಫೋಟೊ, ಪಕ್ಕದ ಬೆಳಕಿನಲ್ಲಿ ತೆಗೆದ ಫೋಟೊ. ಇಷ್ಟಕ್ಕೆ ಉತ್ತರ ಕೊಡಲು ಹಿಂಜರಿಯುವವರ ಹತ್ತಿರ ಕೊಳ್ಳಬೇಡಿ. ‘ಸಹಿ ಇದೆ’ ಎಂಬ ಮಾತಿಗೆ ಮರುಳಾಗಬೇಡಿ, ತಗಡಿನಲ್ಲೇ ಗೀಚಿದ ಸಹಿ ಪ್ರತಿ ಮುದ್ರಣದಲ್ಲೂ ಬರುತ್ತದೆ.

ನಮ್ಮ ಹವೆಯಲ್ಲಿ ಕಾಗದ ಕಾಪಾಡುವುದು ಕಷ್ಟದ ಕೆಲಸ, ಕರಾವಳಿ ಮತ್ತು ಮಲೆನಾಡಿನಲ್ಲಂತೂ ಇನ್ನೂ ಕಷ್ಟ. ತೇವಾಂಶ 50 ಶೇಕಡಾ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಅದು ಏರಿ ತಿಂಗಳುಗಟ್ಟಲೆ ನಿಂತರೆ ಕಂದು ಚುಕ್ಕೆ ಬೀಳುತ್ತದೆ, ಬೆಳ್ಳಿಹುಳ ಬರುತ್ತದೆ. ಫ್ರೇಮ್ ಹಾಕಿಸುವಾಗ ಆಸಿಡ್ ಇಲ್ಲದ ಮೌಂಟ್ ಬೋರ್ಡನ್ನೇ ಕೇಳಿ, ಗಾಜು ಹಾಳೆಗೆ ತಗಲಬಾರದು. ಹಾಳೆಯನ್ನು ಬೋರ್ಡಿಗೆ ಪೂರ್ತಿ ಅಂಟಿಸಲು ಬಿಡಬೇಡಿ. ಮೇಲಿನ ಅಂಚಿನಲ್ಲಿ ಎರಡು ಕಡೆ ಜಪಾನಿ ಕಾಗದದ ಪಟ್ಟಿ, ಅದಕ್ಕೆ ಗೋಧಿ ಪಿಷ್ಟದ ಅಂಟು, ಅಷ್ಟೇ ಸಾಕು. ಸೆಲ್ಲೋಟೇಪ್ ಮತ್ತು ಲ್ಯಾಮಿನೇಶನ್ ಹಾಳೆಯನ್ನು ಕೊಂದುಹಾಕುತ್ತವೆ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ. ಒಳಗೋಡೆಯಾದರೂ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ನೇರ ಬಿಸಿಲು ಬೇಡವೇ ಬೇಡ.

ಚುಕ್ಕೆ ಬಿದ್ದಿದ್ದರೆ ಮನೆಮದ್ದು ಮಾಡಬೇಡಿ, ಬ್ಲೀಚ್ ಹತ್ತಿರ ಸುಳಿಯಬೇಡಿ. ಬೆಂಗಳೂರಿನಲ್ಲಿ ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಕಾಗದದ ಕೆಲಸ ಬಲ್ಲವರಿಗೆ ತೋರಿಸಿ. ಹಾಳೆಯ ಅಳತೆ, ದೆಲ್ತೇಯ್ ಸಂಖ್ಯೆ, ಕೊಂಡ ದಿನ, ಕೊಂಡ ಕಡೆ ಇವನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಫ್ರೇಮಿನ ಹಿಂದಿನ ಲಕೋಟೆಯಲ್ಲಿಡಿ. ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ಹೊತ್ತಿಗೆ, ಫ್ರೇಮನ್ನು ಗೋಡೆಯಿಂದ ಇಳಿಸಿ ಹಿಂಬದಿಯನ್ನೊಮ್ಮೆ ಪರೀಕ್ಷಿಸಿ.